ಗಾಜಿನೊಳಗೆ ಅತ್ತೆಯ ಪಗಡೆ

ನನಗೆ ಬಾಯಿ ಜಾಸ್ತಿ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ನಾನೂ ಅಲ್ಲಗಳೆಯುವುದಿಲ್ಲ. ಧಾರವಾಡದವಳು, ಮನಸ್ಸಿಗೆ ಬಂದದ್ದು ಮರುಗಳಿಗೆಯಲ್ಲೇ ನಾಲಿಗೆಗೆ ಬರುತ್ತದೆ. ಮಾತಾಡಿ ಎಷ್ಟೋ ಸಲ ಜಗಳ ತಂದುಕೊಂಡಿದ್ದೇನೆ, ಆದರೆ ಆಡಿದ ಮಾತಿಗೆ ನಾಚಿಕೆಪಟ್ಟದ್ದು ಕಡಿಮೆ. ಈ ಸಲದ ದಸರೆಯ ಆಸುಪಾಸಿನಲ್ಲಿ ಮಾತ್ರ ಹೇಳಬೇಕಾದ ಒಂದು ಮಾತನ್ನು ಹೇಳದೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಆ ನಾಚಿಕೆ ಇನ್ನೂ ಇಳಿದಿಲ್ಲ.

ಲಂಡನ್ನಿನ ಹ್ಯಾರೋದಲ್ಲಿ ನಮ್ಮದು ಪಕ್ಕದ ಮನೆಗೆ ಗೋಡೆ ಅಂಟಿಕೊಂಡ ಸಾಧಾರಣ ಸೆಮಿ ಮನೆ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಮಗಳು ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಬರುವಾಗ ಸೂಟ್‌ಕೇಸಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಯೊಳಗೆ ಸುತ್ತಿ, ತಮ್ಮ ತೌರಿನ ಪಗಡೆ ಸೆಟ್ ತಂದರು. ಉದ್ದನೆಯ ದಾಳಗಳು, ಬಣ್ಣ ಹಚ್ಚಿದ ಕಾಯಿಗಳು, ಜರಿಯ ಅಂಚಿನ ಮಖಮಲ್ ಹಾಸು. ಅತ್ತೆಯ ಅಜ್ಜ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದರಂತೆ, ಮಹಾರಾಜರು ಮೆಚ್ಚಿ ಆನೆ ದಂತದ ಈ ಸೆಟ್ಟನ್ನು ಕೈಯಾರೆ ಕೊಟ್ಟರಂತೆ. ಈ ಕಥೆಯನ್ನು ನಾನು ಮದುವೆಯಾದಂದಿನಿಂದ ಕೇಳಿದ್ದೇನೆ. ನಮ್ಮ ಮನೆಗೆ ಬಾಯ್ಲರ್ ರಿಪೇರಿಗೆ ಬಂದ ಪೋಲೆಂಡಿನ ಹುಡುಗನೂ ಕೇಳಿದ್ದಾನೆ.

ಆ ಪಗಡೆಯನ್ನು ಯಾರೂ ಆಡುವಂತಿಲ್ಲ. ದೇವರ ಕಪಾಟಿನಲ್ಲಿ ಇಡುವುದು, ನವರಾತ್ರಿಯಲ್ಲಿ ಬೊಂಬೆ ಕೂರಿಸಿದಾಗ ಪಟ್ಟದ ಬೊಂಬೆಗಳ ಪಕ್ಕ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಜೋಡಿಸುವುದು. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಮೊದಲು ಅತ್ತೆ ಅದರ ಕಥೆ ಹೇಳುತ್ತಾರೆ. ಕಥೆ ಮುಗಿದ ಮೇಲೆ ಒಂದು ಬಾಲ ಇರುತ್ತದೆ. ನನ್ನನ್ನು ನೋಡಲು ಅವರು ಧಾರವಾಡಕ್ಕೆ ಬಂದಾಗ ನಮ್ಮ ಪಡಸಾಲೆಯ ನೆಲದ ಮೇಲೆ ಬಳಪದಿಂದ ಚೌಕಾಬಾರದ ಮನೆ ಗೀಚಿತ್ತು, ಮೂಲೆಯಲ್ಲಿ ಒಡೆದ ಹುಣಸೆ ಬೀಜಗಳು ಬಿದ್ದಿದ್ದವು. ಅದನ್ನು ನೆನೆಸಿಕೊಂಡು ಅತ್ತೆ ನಗುತ್ತಾರೆ: ನಮ್ಮ ಸೊಸೆ ಕಡೆಯವರೂ ಆಡುತ್ತಿದ್ದರು ಪಾಪ, ಹುಣಸೆ ಬೀಜದಲ್ಲಿ. ಆ ‘ಪಾಪ’ ಇದೆಯಲ್ಲ, ಅದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತು ವರ್ಷಗಳಾದವು. ನಮ್ಮಪ್ಪ ಸಾಲಿ ಮಾಸ್ತರು. ಮನೆಯಲ್ಲಿ ದಂತವಿರಲಿ, ದಂತದ ಬಣ್ಣದ್ದೂ ಏನೂ ಇರಲಿಲ್ಲ.

ನಾನು ವಾರಕ್ಕೊಂದು ದಿನ ಊರೊಳಗಿನ ಒಂದು ಸಣ್ಣ ಮ್ಯೂಸಿಯಂನಲ್ಲಿ ಸಂಬಳವಿಲ್ಲದ ಗೈಡ್ ಕೆಲಸ ಮಾಡುತ್ತೇನೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಕೂತು ತಲೆ ಕೆಟ್ಟು ಸೇರಿಕೊಂಡದ್ದು. ನನ್ನ ಪಾಲಿಗೆ ಬಂದದ್ದು ಮಧ್ಯಯುಗದ ಕೋಣೆ. ಆ ಕಾಲದ ಯೂರೋಪಿನ ದೊರೆಗಳು, ಸರದಾರರು, ಅವರ ಹೆಂಡಂದಿರು ಹೊತ್ತು ಕಳೆಯಲು ಬಳಸಿದ ವಸ್ತುಗಳೆಲ್ಲ ಅಲ್ಲಿವೆ. ದಂತದಲ್ಲಿ ಕೆತ್ತಿದ ಚದುರಂಗದ ರಾಣಿ, ಕೆನ್ನೆಗೆ ಕೈ ಇಟ್ಟುಕೊಂಡು ಹಲ್ಲುನೋವು ಬಂದವಳ ಹಾಗೆ ಕೂತಿದ್ದಾಳೆ. ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಗೆಜ್ಜೆ ಇದೆ, ಚಿನ್ನದೆಳೆಯ ಕಸೂತಿ ಹಾಕಿದ ರೇಷ್ಮೆ ಸಂಚಿ ಇದೆ. ಅಂಗೈಯಗಲದ ಒಂದು ದಂತದ ಬಿಲ್ಲೆಯ ಮೇಲೆ ಗಂಡು ಹೆಣ್ಣು ಡೇರೆಯೊಳಗೆ ಕೂತು ಚದುರಂಗ ಆಡುತ್ತಿದ್ದಾರೆ. ಅದರ ಹಿಂಬದಿಗೆ ಕನ್ನಡಿ ಕೂರಿಸುತ್ತಿದ್ದರಂತೆ.

ಬಂದವರಿಗೆ ನಾನು ಹೇಳುವುದಿಷ್ಟು. ಇವು ಆಟದ ಸಾಮಾನಲ್ಲ, ದರ್ಪದ ಸಾಮಾನು. ಆನೆ ನೋಡದ ದೇಶದಲ್ಲಿ ಆನೆಯ ದಂತ ಮನೆಯಲ್ಲಿದೆ ಎಂದರೆ ಸಮುದ್ರದಾಚೆ ನನ್ನ ಕೈ ಚಾಚುತ್ತದೆ ಎಂದರ್ಥ. ಚದುರಂಗ ಬರುತ್ತದೆ ಎಂದರೆ ನನಗೆ ಉಳುವ ಕೆಲಸವಿಲ್ಲ, ನೇಯುವ ಕೆಲಸವಿಲ್ಲ, ಇಡೀ ಮಧ್ಯಾಹ್ನ ನನ್ನದು ಎಂದರ್ಥ. ಯಾರು ಯಾವ ರೇಷ್ಮೆ ಉಡಬಹುದು, ಯಾರು ಯಾವ ತುಪ್ಪಳ ಹೊದೆಯಬಹುದು ಎಂದು ಕಾನೂನೇ ಮಾಡಿಟ್ಟಿದ್ದರು. ಆದರೆ ಪೇಟೆಯ ಜನ ಬಿಡುತ್ತಾರೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ದಂತ ಕೊಳ್ಳಲಾಗದವರು ದನದ ಮೂಳೆಯಲ್ಲಿ ಅದೇ ಕಾಯಿ, ಅದೇ ಬಾಚಣಿಗೆ ಮಾಡಿಸಿ, ತಿಕ್ಕಿ ಹೊಳಪು ಕೊಟ್ಟು, ಬಂದವರೆದುರು ಇಡುತ್ತಿದ್ದರು. ಅವೂ ಒಂದು ಗಾಜಿನ ಪೆಟ್ಟಿಗೆಯಲ್ಲಿವೆ. ಇಲ್ಲಿ ಬಂದಾಗ ಜನ ನಗುತ್ತಾರೆ. ನಗುವಂತೆಯೇ ನಾನು ಹೇಳುತ್ತಿದ್ದೆ.

ಈ ಸಲ ಮ್ಯೂಸಿಯಂನವರು ಇದೇ ವಿಷಯದ ಮೇಲೆ ಒಂದು ಪ್ರದರ್ಶನ ಮಾಡುವವರಿದ್ದರು. ಬೇರೆ ದೇಶಗಳ ಅರಮನೆ ಆಟಗಳದ್ದೂ ಏನಾದರೂ ಇದ್ದರೆ ಚೆನ್ನಾಗಿತ್ತು ಎಂದು ಟೀ ಹೊತ್ತಿನಲ್ಲಿ ಮಾತು ಬಂತು. ಆಗ ನಾನು ಏನಂದೆ ಗೊತ್ತೇ? ನಮ್ಮ ಮನೆಯಲ್ಲಿ ಮೈಸೂರು ಅರಮನೆಯಿಂದ ಬಂದ ದಂತದ ಪಗಡೆ ಇದೆ ಎಂದೆ. ‘ನಮ್ಮ ಮನೆಯಲ್ಲಿ’. ಯಾವ ಕಥೆ ಕೇಳಿ ಮೂಗು ಮುರಿಯುತ್ತಿದ್ದೆನೋ ಅದನ್ನೇ, ಮಹಾರಾಜರು, ಕೈಯಾರೆ ಎಲ್ಲ ಸೇರಿಸಿ, ಆ ಇಂಗ್ಲಿಷ್ ಹೆಂಗಸರ ಮುಂದೆ ಕೊಚ್ಚಿಕೊಂಡೆ. ಅವರು ಹುಬ್ಬೇರಿಸಿದಾಗ ನನಗೆ ಹಾಲು ಅನ್ನ ಉಂಡಷ್ಟು ಸಂತೋಷವಾಯಿತು.

ಮನೆಗೆ ಬಂದು ಕೇಳಿದೆ. ಲಂಡನ್ನಿನ ಮ್ಯೂಸಿಯಂ ಎಂದ ಕೂಡಲೇ ಅತ್ತೆ ಒಪ್ಪಿದರು. ಕಾಯಿಗಳನ್ನು ಒಂದೊಂದಾಗಿ ಪಂಚೆಯ ತುಂಡಿನಲ್ಲಿ ಒರೆಸಿ, ಕುಂಕುಮದ ಕಲೆ ಹೋಗುವಂತೆ ತಿಕ್ಕಿ, ನನ್ನ ಕೈಗಿತ್ತರು. ಬೀಳಿಸಬೇಡ ಎಂದು ಬಸ್‌ಸ್ಟಾಪಿನವರೆಗೂ ಬಂದು ಹೇಳಿದರು.

ಈ ದೇಶದಲ್ಲಿ ದಂತದ ಕಾನೂನು ಬಿಗಿ. ಯಾವುದನ್ನು ಇಟ್ಟುಕೊಳ್ಳುವ ಮೊದಲೂ ಮ್ಯೂಸಿಯಂನವರು ಪರೀಕ್ಷೆ ಮಾಡುತ್ತಾರೆ. ಹಳೆಯ ವಸ್ತುಗಳನ್ನು ಜೋಪಾನ ಮಾಡುವ ಹೆಂಗಸೊಬ್ಬಳು ಅಲ್ಲಿದ್ದಾಳೆ, ನನ್ನದೇ ವಯಸ್ಸು. ಮುಂದಿನ ವಾರ ಹೋದಾಗ ನಗುನಗುತ್ತಾ ಬಂದು, ಒಳ್ಳೆಯ ಸುದ್ದಿ, ಯಾವ ಪರವಾನಗಿಯ ಗೋಜೂ ಇಲ್ಲ, ನಿಮ್ಮದು ದಂತವಲ್ಲ ಎಂದಳು. ಭೂತಗನ್ನಡಿ ಕೊಟ್ಟು ತೋರಿಸಿದಳು. ದಂತವಾದರೆ ಹೆಣೆದ ಹಾಗೆ ಸಣ್ಣ ಗೆರೆಗಳು ಕಾಣಬೇಕು. ಅತ್ತೆಯ ದಾಳದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು ಇದ್ದವು, ಜೀವ ಇದ್ದಾಗ ರಕ್ತ ಹರಿದ ಗುರುತು. ಮೂಳೆ. ಈ ದಪ್ಪ ನೋಡಿದರೆ ದನದ್ದಿರಬೇಕು ಎಂದಳು.

ನನ್ನ ಮುಖ ಕಾದ ಹಂಚಿನಂತೆ ಬಿಸಿಯಾಯಿತು. ಟೀ ಹೊತ್ತಿನಲ್ಲಿ ಹೇಳಿದ್ದೆಲ್ಲ ಆ ಕೋಣೆಯಲ್ಲಿ ಮತ್ತೆ ಯಾರೋ ಓದುತ್ತಿದ್ದಾರೇನೋ ಅನ್ನಿಸಿತು. ಪೇಟೆಯವರ ಪೆಟ್ಟಿಗೆಯ ಮುಂದೆ ಜನರನ್ನು ನಗಿಸುತ್ತಿದ್ದವಳು ನಾನೇ ಆ ಪೆಟ್ಟಿಗೆಯೊಳಗೆ ಕೂತಂತಾಯಿತು. ಆದರೆ ಅವಳಿಗೆ ಬೇಸರವೇನೂ ಇರಲಿಲ್ಲ. ಮೂಳೆಯಾದರೆ ಇನ್ನೂ ಸ್ವಾರಸ್ಯ, ಇಲ್ಲಿನ ಪೇಟೆಯವರೂ ನಿಮ್ಮವರೂ ಒಂದೇ ಉಪಾಯ ಮಾಡಿದ್ದಾರೆ, ಎರಡನ್ನೂ ಅಕ್ಕಪಕ್ಕ ಇಡೋಣ ಎಂದಳು. ಲೇಬಲ್ಲಿನಲ್ಲಿ ಮೂಳೆ, ಬಹುಶಃ ದನದ್ದು ಎಂದು ಬರೆಯಬಹುದೇ, ಮನೆಯವರ ಅಭ್ಯಂತರ ಇಲ್ಲವಷ್ಟೇ ಎಂದು ಕೇಳಿದಳು.

ಆ ಗಳಿಗೆಯಲ್ಲಿ ಬೇಡ ಎನ್ನಬಹುದಿತ್ತು. ಸೆಟ್ಟನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು, ಅತ್ತೆಯ ಮನಸ್ಸು ಬದಲಾಯಿತು ಎಂದು ಹೇಳಿ ಬರಬಹುದಿತ್ತು. ಅವಳು ಒಂದು ಮಾತೂ ಕೇಳುತ್ತಿರಲಿಲ್ಲ. ಬರೆಯಿರಿ ಎಂದೆ.

ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಅವಮಾನ ಇಳಿದು ಅದರ ಜಾಗದಲ್ಲಿ ಬೇರೆಯೇ ಏನೋ ಎದ್ದಿತ್ತು. ದನದ ಮೂಳೆ! ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಸಿಂಕಿನಲ್ಲಿ ಬೇರೆ ತೊಳೆಸುವ ಅತ್ತೆ, ಇಷ್ಟು ವರ್ಷ ದನದ ಮೂಳೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಪಕ್ಕ ಕೂರಿಸಿದ್ದಾರೆ. ಆನೆಯ ದಂತಕ್ಕೆ ಮೈಲಿಗೆ ಇಲ್ಲವಂತೆ, ಗಣಪತಿಯದ್ದು. ಇದಕ್ಕೆ ಏನೆನ್ನುತ್ತಾರೆ? ನಮ್ಮ ಹುಣಸೆ ಬೀಜವಾದರೂ ಮಡಿಯಲ್ಲಿತ್ತಲ್ಲ! ನಾನೇ ಹೋಗಿ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ನಂಬುವುದಿಲ್ಲ. ಮ್ಯೂಸಿಯಂ ಹೇಳಲಿ. ಜನರೆದುರಿಗೆ ಗಾಜಿನ ಪೆಟ್ಟಿಗೆಯೇ ಹೇಳಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಟ್ಯೂಬ್ ರೈಲಿನಲ್ಲಿ ಮನೆಗೆ ಬರುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ನಕ್ಕದ್ದು ನಿಜ.

ಆಮೇಲೆ ನವರಾತ್ರಿ ಬಂತು. ಮೇಲಿನ ಮೆಟ್ಟಿಲಲ್ಲಿ ಪಗಡೆಯ ಜಾಗ ಖಾಲಿ ಬಿಟ್ಟು ಅತ್ತೆ ಅಲ್ಲೊಂದು ಹೂ ಇಟ್ಟರು. ಬಂದವರಿಗೆಲ್ಲ ಹೇಳಿದರು, ನಮ್ಮ ದಂತದ ಪಗಡೆ ಮ್ಯೂಸಿಯಂಗೆ ಹೋಗಿದೆ, ಇಂಗ್ಲಿಷಿನವರು ಗಾಜಿನೊಳಗೆ ಇಡ್ತಾರಂತೆ, ಶನಿವಾರ ಶುರು, ನೀವೂ ಬನ್ನಿ. ನಾನು ಪಕ್ಕದಲ್ಲೇ ನಿಂತು ರವಿಕೆ ಕಣ, ಎಲೆ ಅಡಿಕೆ ಕೊಡುತ್ತಿದ್ದೆ. ಒಬ್ಬೊಬ್ಬರನ್ನು ಕರೆದಾಗಲೂ ತಡೆಯಲು ನನಗೊಂದು ಅವಕಾಶ ಸಿಗುತ್ತಿತ್ತು. ಒಂದನ್ನೂ ಬಳಸಲಿಲ್ಲ. ಹ್ಯಾರೋದ ಡಾಕ್ಟರ ಹೆಂಡಂದಿರ ಪೈಕಿ ಒಬ್ಬಳಿದ್ದಾಳೆ, ಬೆಂಗಳೂರಿನವಳು. ಅವಳ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಲಂಡನ್ನಿನ ಆ ತುದಿಯ ಇಲ್ಫರ್ಡ್ ಮುಟ್ಟುತ್ತದೆ. ಅತ್ತೆ ಮರೆತಿದ್ದರು, ಅವಳನ್ನೂ ಕರೆಯಿರಿ ಎಂದು ನಾನೇ ನೆನಪಿಸಿದೆ.

ಶನಿವಾರ ಅತ್ತೆ ಬೆಳಿಗ್ಗೆಯೇ ತಲೆಗೆ ನೀರೆರೆದುಕೊಂಡರು. ಮೈಸೂರು ರೇಷ್ಮೆ ಸೀರೆ ಉಟ್ಟು, ಮೇಲೆ ನನ್ನ ದಪ್ಪ ಕೋಟು ಹಾಕಿ, ಕೋಟಿನ ಕೆಳಗೆ ಜರಿ ಕಾಣುವ ಹಾಗೆ ಸರಿಮಾಡಿಕೊಂಡರು. ಗಂಡನಿಗೆ ಡ್ಯೂಟಿ ಇತ್ತು. ಮಗಳು ಹಾಸ್ಟೆಲಿನಿಂದ ನೇರವಾಗಿ ಬಂದು ಮ್ಯೂಸಿಯಂ ಬಾಗಿಲಲ್ಲಿ ಅಜ್ಜಿಯ ಕೈ ಹಿಡಿದುಕೊಂಡಳು. ಹೆಂಗಸರು ಆರೇಳು ಜನ ಬಂದಿದ್ದರು, ಬೆಂಗಳೂರಿನವಳು ಎಲ್ಲರಿಗಿಂತ ಮುಂದೆ. ನಾನು ಗೈಡಿನ ಪಟ್ಟಿ ಕೊರಳಿಗೆ ಹಾಕಿಕೊಂಡು ಚದುರಂಗದ ರಾಣಿಯನ್ನು ತೋರಿಸಿದೆ, ಕನ್ನಡಿಯ ಬಿಲ್ಲೆ ತೋರಿಸಿದೆ. ಅತ್ತೆ ಎಲ್ಲವನ್ನೂ ಹೌದು ಹೌದು ಎಂದು ದೊಡ್ಡವರು ದೊಡ್ಡವರನ್ನು ಕಾಣುವ ಗತ್ತಿನಲ್ಲಿ ನೋಡಿದರು. ಮಧ್ಯೆ ಮಧ್ಯೆ ನಮ್ಮದು ಎಲ್ಲಿ ಎಂದು ಕೇಳುತ್ತಿದ್ದರು.

ಅವರದ್ದು ಗೋಡೆ ಪಕ್ಕದ ಪೆಟ್ಟಿಗೆಯಲ್ಲಿತ್ತು. ದೀಪದ ಬೆಳಕಿನಲ್ಲಿ ದಾಳಗಳು ಬೆಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಇಲ್ಲಿನ ಪೇಟೆಯವರ ಮೂಳೆಯ ಕಾಯಿಗಳು. ಅತ್ತೆ ಗಾಜಿನ ಮುಂದೆ ನಿಂತು ಅಭ್ಯಾಸಬಲದಿಂದ ಕೈ ಜೋಡಿಸಿದರು. ಅವರಿಗೆ ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷ್ ಬರುತ್ತದೆ, ಸಣ್ಣಕ್ಷರ ಕಣ್ಣಿಗೂ ಹತ್ತುವುದಿಲ್ಲ. ಏನು ಬರೆದಿದ್ದಾರೆ ಓದಮ್ಮ, ಎಲ್ಲರಿಗೂ ಕೇಳೋ ಹಾಗೆ ಓದು ಎಂದು ಮೊಮ್ಮಗಳಿಗೆ ಹೇಳಿದರು.

ಮಗಳು ಬಗ್ಗಿ ಓದಿದಳು. ತುಟಿ ಅಲ್ಲಾಡಿ ನಿಂತಿತು. ಅವಳ ಹಿಂದೆ ಹೆಂಗಸರೂ ಬಗ್ಗಿದರು; ಅವರೆಲ್ಲ ಇಂಗ್ಲಿಷ್ ಬಲ್ಲವರೇ. ಒಬ್ಬೊಬ್ಬರ ಮುಖವೂ ಬದಲಾದದ್ದನ್ನು ನೋಡಿದೆ. ಈಗ, ಈಗ ಎಂದು ಕಾದೆ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಮಾತ್ರ ಸಂಕೋಚ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವಳು ಅಜ್ಜಿಯ ಕೈ ಬಿಡದೆ, ಲೇಬಲ್ಲಿನ ಮೇಲೆ ಬೆರಳಿಟ್ಟು, ಪದ ಹುಡುಕಿ ಹುಡುಕಿ ಹೇಳಿದಳು:

“ಇದು ಮೈಸೂರಿಂದು... ಆನೆ ದಂತ. ತುಂಬಾ ಹಳೇದು. ತುಂಬಾ... ಅಪರೂಪ.”

‘ಅಪರೂಪ’ ಎಂಬ ಪದ ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಬೆಂಗಳೂರಿನವಳ ಮುಖ ನೋಡಿದೆ. ಅವಳು ಒಮ್ಮೆ ಲೇಬಲ್ಲನ್ನೂ ಒಮ್ಮೆ ಅತ್ತೆಯ ಸೀರೆಯ ಜರಿಯನ್ನೂ ನೋಡಿದಳು. ಆಮೇಲೆ ಅತ್ತೆಯ ಹೆಗಲ ಮೇಲೆ ಕೈ ಇಟ್ಟು, ಹೌದು ಆಂಟಿ, ದಂತದ ಕೆಲಸ ಅಂದ್ರೆ ಇದು, ಈಗ ಯಾರು ಮಾಡ್ತಾರೆ ಎಂದಳು. ಉಳಿದವರೂ ಹೂಂಗುಟ್ಟಿದರು. ಒಬ್ಬರು ಅರಮನೆಯ ಕಥೆ ಇನ್ನೊಂದು ಸಲ ಹೇಳಿ ಎಂದರು. ಅತ್ತೆ ಹೇಳಿದರು. ಯಾವ ಬಾಯಿಯನ್ನು ನಂಬಿ ನಾನು ಇಷ್ಟು ದಿನ ಕಾದಿದ್ದೆನೋ ಆ ಬಾಯಿಯೇ ಮಹಾರಾಜರು ಎಂದಾಗ ಅಬ್ಬಾ ಎನ್ನುತ್ತಿತ್ತು.

ಅಲ್ಲಿದ್ದ ಅಷ್ಟೂ ಜನರಲ್ಲಿ ಆ ಮುದುಕಿಯ ತಲೆ ತಗ್ಗಲಿ ಎಂದು ಬಯಸಿದವಳು ನಾನೊಬ್ಬಳೇ. ನನ್ನ ಕೈಯಡುಗೆ ಉಂಡು, ನನ್ನ ಕೋಟು ತೊಟ್ಟು ಬಂದಿದ್ದವರು ಅವರು. ನೆಲ ಬಿರಿದು ಒಳಗೆ ಸೇರಿಸಿಕೊಳ್ಳಬಾರದೇ ಅನ್ನಿಸಿತು.

ಹೆಂಗಸರು ಮುಂದಿನ ಪೆಟ್ಟಿಗೆಗೆ ಸರಿದಾಗ ಮಗಳು ನನ್ನನ್ನು ಬದಿಗೆ ಕರೆದಳು. ಲೇಬಲ್ಲಿನ ವಿಷಯ ನನಗೆ ಮೊದಲೇ ಗೊತ್ತಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದೆ.

“ಆಂಡ್ ಯು ಲೆಟ್ ಹರ್ ಇನ್ವೈಟ್ ಎವ್ರಿವನ್,” ಎಂದಳು.

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ನನಗೂ ಸಿಟ್ಟು ಬರುತ್ತಿತ್ತು. ಅವಳು ಬರೀ ಆಶ್ಚರ್ಯದಿಂದ ಅಂದಳು, ನನ್ನನ್ನು ಹೊಸದಾಗಿ ನೋಡುವವಳ ಹಾಗೆ. ಹುಣಸೆ ಬೀಜದ ಮಾತು, ಆ ‘ಪಾಪ’, ಎಲ್ಲ ಹೇಳೋಣವೆಂದು ಬಾಯಿ ತೆರೆದೆ. ಇಷ್ಟು ದಿನ ಬೆಟ್ಟದಷ್ಟಿದ್ದ ಕಾರಣ ಹೇಳಹೊರಟರೆ ಸಾಸಿವೆಯಷ್ಟಾಗಿತ್ತು. ಅವಳು ಅಜ್ಜಿಯ ಬಳಿಗೆ ಹೋಗಿಬಿಟ್ಟಳು.

ಮಧ್ಯಾಹ್ನ ಮಗಳು ಹಾಸ್ಟೆಲಿಗೆ ಹೊರಟಳು, ಹೆಂಗಸರು ಅಂಗಡಿಗಳ ಕಡೆ ಹೋದರು. ನಾನೂ ಅತ್ತೆಯೂ ಮೆಟ್ರೋಪಾಲಿಟನ್ ಲೈನಿನ ರೈಲು ಹಿಡಿದೆವು. ಶನಿವಾರವಾದ್ದರಿಂದ ಎದುರುಬದುರು ಸೀಟು ಸಿಕ್ಕಿತು. ರೈಲು ಸುರಂಗ ದಾಟಿ ಬಯಲಿಗೆ ಬರುವವರೆಗೂ ಅತ್ತೆ ಸುಮ್ಮನಿದ್ದರು. ಅವರು ಸುಮ್ಮನಿರುವವರಲ್ಲ. ದಣಿದಿರಬೇಕು ಎಂದುಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ತೆಗೆದುಕೊಂಡರು, ಕುಡಿಯಲಿಲ್ಲ.

“ಆ ಹೆಂಗಸರು ನಾನು ಹೇಳಿದ್ದಕ್ಕೆ ಯಾವತ್ತೂ ಹೀಗೆ ಒಟ್ಟಿಗೆ ಹೂಂ ಅಂದೋರಲ್ಲ,” ಎಂದರು. “ಮಗೂನೂ ತಡವರಿಸಿದ್ಲು. ಏನೋ ಇದೆ. ನೀನು ಹೇಳು, ಏನಂತ ಬರೆದಿದ್ರು ಅಲ್ಲಿ?”

ಅವರು ನನ್ನನ್ನು ಅಷ್ಟು ನೇರವಾಗಿ ನೋಡಿದ ನೆನಪೇ ನನಗಿಲ್ಲ. ನಿಜ ಹೇಳಿದರೆ, ಯಾವಾಗ ಗೊತ್ತಾಯಿತು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಹಾಗಾಗಿ ನಾನು ಆಮೇಲೆ ಹೇಳಿದ್ದು ಅವರ ಮೇಲಿನ ಕರುಣೆಯಿಂದಲೋ ನನ್ನ ಹೆದರಿಕೆಯಿಂದಲೋ ಇವತ್ತಿಗೂ ತಿಳಿಯದು. ಮದುವೆಯಾದ ಮೇಲೆ ಅವರ ಜೊತೆ ಮೈಸೂರಿನವರ ಹಾಗೇ ಮಾತಾಡುವುದನ್ನು ಕಲಿತಿದ್ದೆ. ಆಗ ಮಾತ್ರ ನನ್ನ ಊರಿನ ಮಾತೇ ಬಂತು.

“ದಂತ ಅಂತನ ಬರದಾರ್ರೀ ಅತ್ತಿ. ಆನಿ ದಂತ.”

ಅತ್ತೆ ಉಸಿರು ಬಿಟ್ಟರು. ಹೆಗಲು ಇಳಿಯಿತು. ಕಾಫಿ ಒಂದು ಗುಟುಕು ಕುಡಿದರು.

“ಹಾಗಾದ್ರೆ ಸರಿ,” ಎಂದರು. “ಅವರೆಲ್ಲ ನನ್ನ ಮುಖ ನೋಡಿ ಮಾತಾಡ್ತಾರೆ. ನೀನು ಹಾಗಲ್ಲ. ನನಗೆ ನೋವಾಗತ್ತೆ ಅಂತ ಒಂದು ಮಾತನ್ನ ಒಳಗೇ ಇಟ್ಕೊಳ್ಳೋಳಲ್ಲ ನೀನು. ಅದಕ್ಕೇ ನಿನ್ನ ಕೇಳ್ದೆ.”

ಆಮೇಲೆ ಕಪ್ಪನ್ನು ನನ್ನ ಕೈಗೆ ಕೊಟ್ಟು, ಕೋಟನ್ನು ಮೊಣಕಾಲ ಮೇಲೆ ಸರಿಯಾಗಿ ಎಳೆದುಕೊಂಡು ಕಣ್ಣು ಮುಚ್ಚಿದರು. ವೆಂಬ್ಲಿ ಬರುವುದರೊಳಗೆ ನಿದ್ದೆ ಹೋಗಿದ್ದರು. ಹ್ಯಾರೋ ಬಂದಾಗ ಅವರನ್ನು ಎಬ್ಬಿಸಲು ಮುಟ್ಟಬೇಕಿತ್ತು, ನನಗೆ ಕೈ ಬರಲಿಲ್ಲ. ಬಾಗಿಲು ತೆರೆದು ಮುಚ್ಚಿತು, ನಾವು ನಮ್ಮ ಸ್ಟೇಷನ್ ದಾಟಿ ಮುಂದೆ ಹೋದೆವು.